"ಸರಿ ಮಾಡ್ತೀವಿ" ಅನ್ನೋ ಶಿಬಿರಗಳ ಸಿನಿಮಾ: ಕಾಲೇಜಿನಾಗ ಯಾವುದು, ಹೆಂಗ ತೋರಸಬೇಕು?

ಪ್ರಶ್ನೆ (ಉಪನ್ಯಾಸಕಿ, ಗದಗ): ಎಲ್ಲಾರಿಗೂ ನಮಸ್ಕಾರ್ರೀ. ನಮ್ಮ ಪದವಿ ಕಾಲೇಜಿನ ಚಿತ್ರ ಕೂಟದಾಗ ಮುಂದಿನ ತಿಂಗಳು ಒಂದು ಸಿನಿಮಾ ಇಟಗೋಬೇಕಂತ ಮಾಡೇವಿ. ಸಲಿಂಗಿ ಹುಡುಗ, ಹುಡುಗ್ಯಾರನ್ನ ಧರ್ಮದ ಹೆಸರಿನ್ಯಾಗ "ಸರಿ ಮಾಡ್ತೀವಿ" ಅಂತ ಶಿಬಿರಕ್ಕ ಕಳಸ್ತಾರಲ್ಲ, ಕನ್ವರ್ಷನ್ ಥೆರಪಿ ಅಂತಾರ, ಅದರ ಮ್ಯಾಲಿನ ಸಿನಿಮಾ. ಅಮೆರಿಕಾದ್ದು ಮೂರ್ನಾಕು ಅದಾವು ಅಂತ ಕೇಳೇನಿ. ಯಾವುದು ಹೊಂದತೈತಿ? ಏನೇನು ಎಡವಟ್ಟ ಆಗಬಹುದು? ಕೂಡೋರು 50 ಮಂದಿ, ಬಿಎ ಎರಡನೇ ವರ್ಷದವ್ರು. ಪಿಯು ಹುಡುಗರೂ ನಾಕು ಮಂದಿ ಬರತೇವಿ ಅನ್ನಾಕತ್ತಾರ.

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್, ಧಾರವಾಡ): ಮೇಡಂ, ಪಿಯು ಮಕ್ಕಳನ್ನು ಈ ಪ್ರದರ್ಶನಕ್ಕೆ ಕೂಡಿಸಬೇಡಿ. ನಿಮ್ಮ ಉದ್ದೇಶಕ್ಕೆ ಹೊಂದುವ ಎರಡು ಮುಖ್ಯ ಚಿತ್ರಗಳು 'ದಿ ಮಿಸ್‌ಎಜುಕೇಶನ್ ಆಫ್ ಕ್ಯಾಮರಾನ್ ಪೋಸ್ಟ್' ಮತ್ತು 'ಬಾಯ್ ಇರೇಸ್ಡ್'. ಎರಡೂ 2018ರವು. 'ಬಾಯ್ ಇರೇಸ್ಡ್'ಗೆ ಅಮೆರಿಕದಲ್ಲಿ ಸಿಕ್ಕಿದ್ದು 'ಆರ್' ದರ್ಜೆ, ಅಂದರೆ 17ರೊಳಗಿನವರು ದೊಡ್ಡವರ ಜೊತೆಗೇ ನೋಡಬೇಕು.

ನನ್ನ ಆಯ್ಕೆ ಮೊದಲನೆಯದು. ನಿರ್ದೇಶಕಿ ಡೆಸಿರೀ ಅಖವಾನ್, ಅವಧಿ 91 ನಿಮಿಷ, ಕಥೆಯ ಕಾಲ 1993. ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಆ ವರ್ಷ ಗ್ರ್ಯಾಂಡ್ ಜ್ಯೂರಿ ಬಹುಮಾನ ಪಡೆದ ಚಿತ್ರ. ಗೆಳತಿಯ ಜೊತೆ ಸಿಕ್ಕಿಬಿದ್ದ ಕ್ಯಾಮರಾನ್ ಎಂಬ ಹುಡುಗಿಯನ್ನು ಅವಳ ಚಿಕ್ಕಮ್ಮ 'ಗಾಡ್ಸ್ ಪ್ರಾಮಿಸ್' ಎಂಬ ಕೇಂದ್ರಕ್ಕೆ ಕಳಿಸುತ್ತಾಳೆ. ಅಲ್ಲಿ ಚಾವಟಿಯಿಲ್ಲ, ಸರಪಳಿಯಿಲ್ಲ. ಮೆತ್ತನೆಯ ದನಿ, ಗಿಟಾರು, ಪ್ರಾರ್ಥನೆ. ಇದನ್ನು ಆರಿಸಲು ಅದೇ ಕಾರಣ. ಕ್ರೂರಿಯೊಬ್ಬ ಹೊಡೆಯುವುದನ್ನು ಕಂಡ ಪ್ರೇಕ್ಷಕರು "ನಮ್ಮ ಮನ್ಯಾಗ ಹಿಂಗ ಇಲ್ಲ" ಎಂದು ಸಮಾಧಾನವಾಗಿ ಎದ್ದು ಹೋಗುತ್ತಾರೆ. ಪ್ರೀತಿಯಿಂದಲೇ ಮಾಡುವ ಹಾನಿಯನ್ನು ಕಂಡಾಗ ಹಾಗೆ ಎದ್ದು ಹೋಗಲು ಆಗುವುದಿಲ್ಲ.

ಚಿತ್ರದ ತಿರುಳು ಮಂಜುಗಡ್ಡೆಯ ಚಿತ್ರದಲ್ಲಿದೆ. ಪ್ರತಿ ಮಗುವಿಗೂ ನೀರಿನಲ್ಲಿ ತೇಲುವ ಮಂಜುಗಡ್ಡೆ ಬರೆದ ಕಾಗದ ಕೊಡುತ್ತಾರೆ. ನೀರಿನ ಮೇಲೆ ಕಾಣುವ ತುದಿ ಎಂದರೆ ಸಲಿಂಗ ಆಕರ್ಷಣೆ. ನೀರಿನ ಕೆಳಗಿನ ಭಾಗದಲ್ಲಿ ಅದಕ್ಕೆ "ಕಾರಣ"ಗಳನ್ನು ಮಗುವೇ ತುಂಬಬೇಕು: ತಂದೆಯ ಜೊತೆ ಅತಿಯಾದ ಸಲಿಗೆ, ತಾಯಿಯ ಅಂಕೆ, ಆಟೋಟ, ಹೀಗೆ. ಪ್ರದರ್ಶನವನ್ನು ಇಲ್ಲಿ ಒಮ್ಮೆ ನಿಲ್ಲಿಸಿ. ವಿದ್ಯಾರ್ಥಿಗಳಿಗೆ ಒಂದೇ ಪ್ರಶ್ನೆ ಕೇಳಿ: ಈ ಕಾಗದದಲ್ಲಿ ಮಗು ಏನು ಬರೆದರೆ "ನನಗೆ ಏನೂ ಆಗಿಲ್ಲ" ಎಂದು ಸಾಬೀತಾಗುತ್ತದೆ? ಯಾವುದನ್ನು ಬರೆದರೂ ಆಗುವುದಿಲ್ಲ. ಬರೆದದ್ದು ಕಾರಣವಾಗುತ್ತದೆ, ಬರೆಯದೆ ಬಿಟ್ಟರೆ ಮೊಂಡುತನವಾಗುತ್ತದೆ. ರೋಗ ಇದೆ ಎಂದು ಮೊದಲೇ ತೀರ್ಮಾನಿಸಿ ಆಮೇಲೆ ಪುರಾವೆ ಹುಡುಕುವ ಕ್ರಮ ಇದು. ಮಗು ತನ್ನ ಬಾಲ್ಯದ ಒಳ್ಳೆಯ ನೆನಪುಗಳನ್ನೂ ಅನುಮಾನದಿಂದ ನೋಡುವಂತೆ ಮಾಡುತ್ತದೆ. ಖಿನ್ನತೆ, ಆತ್ಮಹತ್ಯೆಯ ಯೋಚನೆ ಹುಟ್ಟುವುದು ಇಂಥ ಕಡೆಯೇ.

ಎಚ್ಚರಿಕೆ: ಚಿತ್ರದ ಕೊನೆಯ ಭಾಗದಲ್ಲಿ ಒಬ್ಬ ಹುಡುಗ ತನ್ನ ದೇಹಕ್ಕೆ ತೀವ್ರ ಗಾಯ ಮಾಡಿಕೊಳ್ಳುತ್ತಾನೆ. ಅದನ್ನು ತೆರೆಯ ಮೇಲೆ ತೋರಿಸುವುದಿಲ್ಲ, ಮಾತಿನಲ್ಲಿ ಹೇಳುತ್ತಾರೆ. ಇದನ್ನು ಶುರುವಿನಲ್ಲೇ ತಿಳಿಸಿ. ನಂತರ ತನಿಖೆಗೆ ಅಧಿಕಾರಿ ಬಂದಾಗ ಕ್ಯಾಮರಾನ್ ಹೇಳುವುದರ ಸಾರ ಇಷ್ಟು: ತನ್ನನ್ನು ತಾನೇ ದ್ವೇಷಿಸಲು ಕಲಿಸುವುದೂ ಹಿಂಸೆಯೇ. ಚರ್ಚೆಯನ್ನು ಅಲ್ಲಿಂದ ಶುರುಮಾಡಬಹುದು.

'ಬಾಯ್ ಇರೇಸ್ಡ್' ಪಾದ್ರಿಯ ಮಗನೊಬ್ಬನನ್ನು ಇಂಥ ಕೇಂದ್ರಕ್ಕೆ ಕಳಿಸುವ ಕಥೆ. 115 ನಿಮಿಷದ್ದು, ಚರ್ಚೆಗೆ ಹೊತ್ತು ಉಳಿಯುವುದಿಲ್ಲ. ಅದರಲ್ಲಿ ಹಾಸ್ಟೆಲಿನ ಅತ್ಯಾಚಾರದ ದೃಶ್ಯವಿದೆ, ಬೈಬಲ್ಲಿನಿಂದ ಮನೆಯವರೇ ಹೊಡೆಯುವ ಅಣಕು ಶವಸಂಸ್ಕಾರವಿದೆ, ಆತ್ಮಹತ್ಯೆಯ ಸುದ್ದಿಯಿದೆ. ಆಪ್ತಸಮಾಲೋಚಕರು ಕೋಣೆಯಲ್ಲಿ ಇಲ್ಲದೆ ತೋರಿಸಬೇಡಿ. ಆದರೆ ಅದರ ಒಂದು ತುಣುಕು ನಮ್ಮ ಭಾಗಕ್ಕೆ ಬಹಳ ಬೇಕಾದದ್ದು. ತಂದೆತಾಯಿ ಹುಡುಗನ ಹಾರ್ಮೋನ್ ಪರೀಕ್ಷೆ ಮಾಡಿಸಲು ಕುಟುಂಬದ ವೈದ್ಯೆಯ ಬಳಿ ಕರೆತರುತ್ತಾರೆ. ಆಕೆ ಹುಡುಗನೊಬ್ಬನನ್ನೇ ಕೂಡಿಸಿಕೊಂಡು, ನೀನು ಆರೋಗ್ಯವಂತ ಹುಡುಗ ಎಂದು ಹೇಳುತ್ತಾಳೆ. ಇಲ್ಲಿಯೂ ಎಷ್ಟೋ ಮನೆಗಳು ಮೊದಲು ಓಡುವುದು "ಹಾರ್ಮೋನ್ ಚೆಕ್" ಮಾಡಿಸಲಿಕ್ಕೇ.

1999ರ 'ಬಟ್ ಐ ಆಮ್ ಎ ಚಿಯರ್‌ಲೀಡರ್' ವಿಡಂಬನೆ. ಹುಡುಗರಿಗೆ ನೀಲಿ, ಹುಡುಗಿಯರಿಗೆ ಗುಲಾಬಿ ಬಟ್ಟೆ, ಐದು ಹಂತದ ಪಾಠ. ಒಳ್ಳೆಯ ಚಿತ್ರ, ಆದರೆ ಮೊದಲ ಸಲಕ್ಕೆ ಬೇಡ. ವಿಷಯ ಗೊತ್ತಿಲ್ಲದ ಪ್ರೇಕ್ಷಕರು ಶಿಬಿರವನ್ನು ಬಿಟ್ಟು ಮಕ್ಕಳನ್ನು ನೋಡಿ ನಗುತ್ತಾರೆ.

ಉತ್ತರ (ಚಿತ್ರ ಪ್ರದರ್ಶನ ಸಂಘಟಕ, ಹುಬ್ಬಳ್ಳಿ): ಮೇಡಂ ಹೇಳಿದ್ದು ಖರೇ ಐತಿ. ನಾ ವ್ಯವಸ್ಥಾದ ಮಾತು ಹೇಳತೇನಿ.

ಪೋಸ್ಟರಿನ ಮ್ಯಾಲೆ "ಕನ್ವರ್ಷನ್" ಅನ್ನೋ ಶಬ್ದ ಹಾಕಬ್ಯಾಡ್ರಿ. ನಮ್ಮ ಕಡೆ ಅದನ್ನ ಓದಿದವ್ರು ಮತಾಂತರ ಅಂತನ ತಿಳಕೊಳ್ಳೋದು. 2022ರಾಗ ಮತಾಂತರ ತಡಿಯೋ ಕಾಯ್ದೆ ಬಂದ ಮ್ಯಾಲಂತೂ ಆ ಶಬ್ದಕ್ಕ ಬ್ಯಾರೇ ಅರ್ಥ ಇಲ್ಲ. ಸಿನಿಮಾ ಶುರು ಆಗೂದ್ರೊಳಗ ಪ್ರಾಚಾರ್ಯರಿಗೆ ಫೋನ್ ಬರತಾವು. "ಒಲವು ಬದಲಿಸುವ 'ಚಿಕಿತ್ಸೆ': ಸಿನಿಮಾ ಮತ್ತು ಮಾತುಕತೆ" ಅಂತ ಬರೀರಿ. "ಸಲಿಂಗಕಾಮ" ಅನ್ನೋದಕ್ಕಿಂತ "ಸಲಿಂಗಿ", "ಲೈಂಗಿಕ ಒಲವು" ಚಲೋ. ಬರೇ ಕಾಮದ ಮಾತಲ್ಲ ಅದು.

ಎರಡನೇದು, ಈ ಸಿನಿಮಾ ಎಲ್ಲಾ ಅಮೆರಿಕಾದ ಕ್ರೈಸ್ತ ಶಿಬಿರದ್ದು. ಹುಬ್ಬಳ್ಳಿ, ಧಾರವಾಡ, ಗದಗ-ಬೆಟಗೇರಿ ಮೂರೂ ಕಡೆ ಬಾಸೆಲ್ ಮಿಶನ್ ಕಾಲದಿಂದ ಕ್ರೈಸ್ತ ಮನೆತನ ಅದಾವು, ನಿಮ್ಮ ವರ್ಗದಾಗೂ ಮಕ್ಕಳು ಇರತಾರ. ಉಳಿದವ್ರು ಅವರ ಕಡೆ ಹೊಳ್ಳಿ ನೋಡಿದ್ರ ಆ ಹುಡುಗರು ಕುಗ್ಗಿ ಹೋಗತಾವು. ಅದಕ್ಕ ಶುರುವಿನ್ಯಾಗ ಐದು ನಿಮಿಷ ಇತಿಹಾಸ ಹೇಳ್ರಿ. ಒಲವು ಬದಲಿಸ್ತೀವಿ ಅನ್ನುತ್ತಿದ್ದ ಎಕ್ಸೋಡಸ್ ಇಂಟರ್‌ನ್ಯಾಶನಲ್ ಅನ್ನೋ ದೊಡ್ಡ ಕ್ರೈಸ್ತ ಸಂಘಟನಾ 1976ರಾಗ ಹುಟ್ಟಿ 2013ರಾಗ ತಾನ ಬಾಗಲಾ ಹಾಕಿತು, ಅದರ ಅಧ್ಯಕ್ಷರು ಕ್ಷಮಾ ಕೇಳಿದ್ರು. 'ಬಾಯ್ ಇರೇಸ್ಡ್'ಗೆ ಮೂಲ ಆದ ಮೆಂಫಿಸ್‌ನ 'ಲವ್ ಇನ್ ಆ್ಯಕ್ಷನ್' ಕೇಂದ್ರ ನಡೆಸಿದ ಜಾನ್ ಸ್ಮಿಡ್ 2008ರಾಗ ಅದನ್ನ ಬಿಟ್ಟು, 2014ರಾಗ ಒಬ್ಬ ಗಂಡಸಿನ ಜೋಡಿ ಮದುವಿ ಆದ್ರು. ಚರ್ಚಿನ ಒಳಗಿನವ್ರ ಇದನ್ನ ತಪ್ಪು ಅಂದಾರ ಅನ್ನೋದು ತಿಳದ್ರ ಧರ್ಮದ ಮ್ಯಾಲಿನ ಜಗಳ ಹುಟ್ಟೂದಿಲ್ಲ. ಈ ಮಂದೀದ ಮಾತು ಕೇಳಬೇಕಂದ್ರ 2021ರ ಸಾಕ್ಷ್ಯಚಿತ್ರ 'ಪ್ರೇ ಅವೇ' ಐತಿ.

ಹಕ್ಕಿನ ವಿಷಯ: ಮನಿ ಖಾತೆಯಿಂದ ಓಟಿಟಿ ಹಚ್ಚಿ ಊರ ಮಂದಿಗೆ ತೋರಸಾಕ ಬರೂದಿಲ್ಲ. ಕಾಪಿರೈಟ್ ಕಾಯ್ದೆಯ 52ನೇ ಕಲಮಿನ್ಯಾಗ ಶಿಕ್ಷಣ ಸಂಸ್ಥೆಗೆ ವಿನಾಯಿತಿ ಐತಿ, ಆದ್ರ ನೋಡೋರು ಸಿಬ್ಬಂದಿ, ವಿದ್ಯಾರ್ಥಿ, ಪಾಲಕರು, ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವ್ರು ಇಷ್ಟ ಇರಬೇಕು. ಹೊರಗಿನವ್ರಿಗೆ ಕರೆ ಕೊಟ್ಟ್ರ ಆ ವಿನಾಯಿತಿ ಹೋತು. ಅದಕ್ಕ ಪತ್ರಿಕಾದಾಗ ಸುದ್ದಿ ಕೊಡಬ್ಯಾಡ್ರಿ.

ಹೊತ್ತು ಹಿಂಗ ಹಂಚ್ರಿ: 10 ನಿಮಿಷ ಪೀಠಿಕಾ, 91 ನಿಮಿಷ ಸಿನಿಮಾ, 10 ನಿಮಿಷ ಚಹಾ, 40 ನಿಮಿಷ ಮಾತು. ಎಲ್ಲಾ ಕೂಡಿ ಎರಡೂವರಿ ತಾಸು. ಮಂಜುಗಡ್ಡಿ ಹತ್ತರ ನಿಲ್ಲಿಸಿದ್ರ ಆ ಹೊತ್ತು 40ರಾಗ ಕಳೀರಿ. ಕೊನೆ ಬಸ್ಸಿಗೆ ಹೋಗೋ ಹಳ್ಳಿ ಹುಡುಗ್ಯಾರು ಇದ್ರ ಮುಂಜಾನೆ ಇಡ್ರಿ, ಇಲ್ಲಾಂದ್ರ ಮಾತುಕತಿ ಹೊತ್ತಿಗೆ ಅರ್ಧ ಖೋಲಿ ಖಾಲಿ. ಚಹಾ ತಪ್ಪಿಸಬ್ಯಾಡ್ರಿ. ಅಳು ಬಂದವ್ರು ಮಾರಿ ತೊಳಕೊಳ್ಳಾಕ ಅದೊಂದ ಸಂದು. ಪೂರ್ತಿ ಕತ್ತಲಾ ಮಾಡದ ಹಿಂದಿನ ಒಂದು ದೀಪ ಇರಲಿ, ಬಾಗಲದ ಹತ್ತರ ಒಬ್ಬ ಉಪನ್ಯಾಸಕರು ಕೂಡಲಿ.

ಮುತ್ತಿನ ದೃಶ್ಯಕ್ಕ ಸೀಟಿ ಹೊಡೀತಾರ. ಬೈಬ್ಯಾಡ್ರಿ, ಆ ದೃಶ್ಯ ಓಡಿಸಿ ಮುಂದ ಹೋಗಬ್ಯಾಡ್ರಿ. ಓಡಿಸಿದ್ರ "ಇದು ನೋಡಬಾರದ್ದು" ಅಂತ ನೀವ ಹೇಳಿದಂಗ ಆಗತೈತಿ. ಅರ್ಧ ನಿಮಿಷದಾಗ ತಾನ ತಣ್ಣಗಾಗತೈತಿ.

ಉತ್ತರ (ಸೈಕಾಲಜಿಸ್ಟ್, ಧಾರವಾಡ): ಮಾತುಕತೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. "ಪರ-ವಿರೋಧ" ಚರ್ಚಾಸ್ಪರ್ಧೆ ಮಾಡಬೇಡಿ. 50 ಜನರಲ್ಲಿ ತನ್ನ ಒಲವನ್ನು ಯಾರಿಗೂ ಹೇಳದೆ ಕುಳಿತ ಮಗು ಇರಬಹುದು; ತಾನು ಇರಬೇಕೋ ಬೇಡವೋ ಎಂದು ಗೆಳೆಯರು ವಾದಿಸುವುದನ್ನು ಅದು ಕೇಳಬೇಕಾಗುತ್ತದೆ. ಕೈ ಎತ್ತಿಸಬೇಡಿ, "ನಿಮ್ಮ ಅನುಭವ ಹೇಳಿ" ಎನ್ನಬೇಡಿ, ಫೋಟೋ ಬೇಡ. ಹೆಸರಿಲ್ಲದ ಚೀಟಿಯಲ್ಲಿ ಪ್ರಶ್ನೆ ಬರೆಸಿ. ಎಲ್ಲರಿಗೂ ಒಂದೇ ಬಣ್ಣದ ಪೆನ್ನು, ಎಲ್ಲರೂ ಚೀಟಿ ಹಾಕಲೇಬೇಕು, ಪ್ರಶ್ನೆ ಇಲ್ಲದವರು ಖಾಲಿ ಚೀಟಿ ಹಾಕಲಿ. ಇಲ್ಲದಿದ್ದರೆ ಬರೆದವರು ಯಾರೆಂದು ಗೊತ್ತಾಗಿಬಿಡುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಎಂಬ ಸಂಖ್ಯೆ ಕೊನೆಯ ಸ್ಲೈಡಿನಲ್ಲಿ ಚರ್ಚೆ ಮುಗಿಯುವವರೆಗೂ ಇರಲಿ.

ಒಂದು ಗೊಂದಲ ಖಂಡಿತ ಬರುತ್ತದೆ. "ಇದು ನಮ್ಮಲ್ಲಿ ಮೊದಲೇ ಐತಿ, ಸವದತ್ತಿ ಎಲ್ಲಮ್ಮನ ಜೋಗಪ್ಪಗಳು" ಎಂದು ಯಾರಾದರೂ ಹೇಳುತ್ತಾರೆ. ಗಂಡಾಗಿ ಹುಟ್ಟಿ ದೇವಿಯ ಸೇವೆಗಾಗಿ ಸೀರೆ ಉಡುವವರ ಈ ಜೋಗಪ್ಪ ಪರಂಪರೆ ಲಿಂಗಗುರುತಿಗೆ, ತಾನು ಗಂಡೋ ಹೆಣ್ಣೋ ಎಂಬ ಅರಿವಿಗೆ ಸಂಬಂಧಿಸಿದ್ದು. ಸಿನಿಮಾದ ವಿಷಯ ಯಾರ ಕಡೆ ಮನಸ್ಸು ಹರಿಯುತ್ತದೆ ಎಂಬುದು. ಎರಡನ್ನೂ ಬೆರೆಸಿದರೆ ಹುಡುಗನನ್ನು ಇಷ್ಟಪಡುವ ಹುಡುಗನಿಗೆ "ನೀ ಸೀರಿ ಉಡತೀಯೇನು" ಎಂಬ ಪೀಡೆ ಶುರುವಾಗುತ್ತದೆ.

ಪ್ರಶ್ನೆ (ಪಾಲಕರು, ಹಾವೇರಿ): ಇದನ್ನ ಓದಿ ಕೇಳಾಕತ್ತೇನ್ರಿ. ನಮ್ಮ ಕಡೆ ಶಿಬಿರ ಇಲ್ಲ ಖರೇ, ಆದ್ರ 17 ವರ್ಷದ ಹುಡುಗ ಹಿಂಗಂತ ಗೊತ್ತಾದ್ರ ಮನಿಯವ್ರು ತಾಯಿತ ಕಟ್ಟಸ್ತಾರ, ಗಾಳಿ ಬಿಡಸ್ತಾರ, ಇಂಜೆಕ್ಷನ್ ಕೊಡಸ್ತಾರ, "ಆಸ್ಪತ್ರಿಗೆ ಹಾಕ್ರಿ" ಅಂತಾರ. ಇದರಾಗ ಯಾವುದು ಕಾನೂನಿಗೆ ವಿರುದ್ಧ?

ಉತ್ತರ (ವಕೀಲರು, ಹುಬ್ಬಳ್ಳಿ): ಯಜಮಾನ್ರೇ, ಒಂದೊಂದಾಗಿ ನೋಡೋಣ.

ತಾಯಿತ, ಹರಕೆ, ಪೂಜೆಗೆ ನಿಷೇಧವಿಲ್ಲ. ಆದರೆ "ಗಾಳಿ ಬಿಡಿಸುವ" ಹೆಸರಲ್ಲಿ ಹಗ್ಗ ಅಥವಾ ಸರಪಳಿಯಿಂದ ಕಟ್ಟುವುದು, ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು, ಬರೆ ಎಳೆಯುವುದು ಅಪರಾಧ. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. 1ರಿಂದ 7 ವರ್ಷ ಜೈಲು. ದೂರು ಬರೆಯುವಾಗ "ಮಾಟ ಮಾಡಿದರು" ಎಂದಷ್ಟೇ ಬರೆದರೆ ನಿಲ್ಲುವುದಿಲ್ಲ. ಯಾವ ದಿನ, ಎಲ್ಲಿ, ಯಾವ ವಸ್ತುವಿನಿಂದ ಏನು ಮಾಡಿದರು ಎಂದು ಬರೆಯಬೇಕು.

ಆಸ್ಪತ್ರೆಯ ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಕಲಂ ಪ್ರಕಾರ, ಸಮಾಜದ ನೀತಿ ಅಥವಾ ಧಾರ್ಮಿಕ ನಂಬಿಕೆಗೆ ಹೊಂದಿಕೊಳ್ಳುತ್ತಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಎನ್ನುವಂತಿಲ್ಲ. 18 ತುಂಬದವರನ್ನು ದಾಖಲಿಸಲು 87ನೇ ಕಲಂ ಇದೆ: ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಬೇಕು, ದಾಖಲಿಸಿದ ವಿಷಯ 72 ಗಂಟೆಯೊಳಗೆ ಈ ಕಾಯ್ದೆಯಡಿಯ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಯಬೇಕು. ತಂದೆಯ ಒಂದು ಸಹಿ ಸಾಲದು. ಕನ್ವರ್ಷನ್ ಥೆರಪಿ ವೃತ್ತಿ ದುರ್ನಡತೆ ಎಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ರಾಜ್ಯಗಳ ಮೆಡಿಕಲ್ ಕೌನ್ಸಿಲುಗಳಿಗೆ ತಿಳಿಸಿದೆ. ಮದ್ರಾಸ್ ಹೈಕೋರ್ಟಿನ 2021ರ ಆದೇಶದ ಫಲ ಅದು. ಹಾಗಾಗಿ ವೈದ್ಯರ ಮೇಲಿನ ದೂರು ಕರ್ನಾಟಕ ಮೆಡಿಕಲ್ ಕೌನ್ಸಿಲಿಗೆ. ಚೀಟಿ, ಬಿಲ್ಲು, ಇಂಜೆಕ್ಷನ್ನಿನ ಖಾಲಿ ಡಬ್ಬಿ ಎಸೆಯಬೇಡಿ, ಪ್ರಕರಣ ನಿಲ್ಲುವುದು ಅವುಗಳ ಮೇಲೆ.

ಮನೆಯಲ್ಲಿ ಕೂಡಿಹಾಕಿದ್ದರೆ, ಹೊಡೆಯುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ವಿಷಯ ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಗೆ ಹೋಗುತ್ತದೆ. ಮಕ್ಕಳ ಮೇಲಿನ ಕ್ರೌರ್ಯವನ್ನು ಶಿಕ್ಷಿಸುವ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಪಾಲಕರಿಗೂ ಅನ್ವಯಿಸುತ್ತದೆ. 18 ದಾಟಿದವರನ್ನು ಕೂಡಿಹಾಕಿದ್ದರೆ ದಾರಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ತರಿಸಿ ಎಂದು ಕೇಳುವ ಅರ್ಜಿ. ಅದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ, ಹೈಕೋರ್ಟಿನ ಧಾರವಾಡ ಪೀಠ ಇದೆ. ಇಂಥ ಅರ್ಜಿಯಲ್ಲಿ ಒಲವು ಬದಲಿಸುವ ಕೌನ್ಸೆಲಿಂಗಿಗೆ ನ್ಯಾಯಾಲಯ ಕಳಿಸಬಾರದು ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚಿನಲ್ಲಿ ಹೇಳಿದೆ. ಉಚಿತ ಕಾನೂನು ನೆರವಿಗೆ 15100.

ಉತ್ತರ (ಸೈಕಾಲಜಿಸ್ಟ್, ಧಾರವಾಡ): ಇಂಜೆಕ್ಷನ್ ಬಗ್ಗೆ ನಾನು ಹೇಳುತ್ತೇನೆ. ಒಲವನ್ನು ನಿರ್ಧರಿಸುವುದು ರಕ್ತದ ಟೆಸ್ಟೋಸ್ಟಿರಾನ್ (ಗಂಡು ಹಾರ್ಮೋನ್) ಮಟ್ಟವಲ್ಲ. ಅದನ್ನು ಚುಚ್ಚಿದರೆ ಕಾಮಾಸಕ್ತಿ ಹೆಚ್ಚಬಹುದು, ಅದು ಹರಿಯುವ ದಿಕ್ಕು ಬದಲಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. "ಬದಲಾದವರಿದ್ದಾರೆ ಎಂದು ಸಂಶೋಧನೆ ಐತಿ" ಎನ್ನುವವರು ಸಾಮಾನ್ಯವಾಗಿ ಹಿಡಿದುಕೊಳ್ಳುವುದು ಅಮೆರಿಕದ ಮನೋವೈದ್ಯ ರಾಬರ್ಟ್ ಸ್ಪಿಟ್ಜರ್ ಅವರ 2003ರ ಪ್ರಬಂಧವನ್ನು. ಬದಲಾಗಿದ್ದೇವೆ ಎಂದವರ ಮಾತನ್ನೇ ನಂಬಿ ಬರೆದದ್ದು ಅದು. ಸ್ಪಿಟ್ಜರ್ ಅವರೇ 2012ರಲ್ಲಿ ತಪ್ಪೊಪ್ಪಿಕೊಂಡು ಸಲಿಂಗಿ ಸಮುದಾಯದ ಕ್ಷಮೆ ಕೇಳಿದರು.

ಹುಡುಗನಿಗೆ ನಿದ್ದೆ ಇಲ್ಲ, ಊಟ ಬಿಟ್ಟಿದ್ದಾನೆ, ಸಾಯುವ ಮಾತಾಡುತ್ತಾನೆ ಎಂದರೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೋ ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿಗೋ ಖಂಡಿತ ಕರೆತನ್ನಿ. ಆಗ ಚಿಕಿತ್ಸೆ ಆ ದುಃಖಕ್ಕೆ. ಹೊಸ ವೈದ್ಯರಾದರೆ ಮಗನನ್ನು ಒಳಗೆ ಕಳಿಸುವ ಮೊದಲು ನೀವೇ ಕೇಳಿ: "ಇವನ ಒಲವು ಬದಲಿಸ್ತೀರೇನು?" ಹೌದು ಎಂದರೆ ಫೀ ಕೊಟ್ಟು ಎದ್ದು ಬನ್ನಿ.

ಪ್ರಶ್ನೆ (ಪಾಲಕರು, ಹಾವೇರಿ): ಹುಡುಗನ ಅವ್ವನಿಗೆ ಯಾವ ಸಿನಿಮಾ ತೋರಸಲಿ ಮೇಡಂ?

ಉತ್ತರ (ಸೈಕಾಲಜಿಸ್ಟ್, ಧಾರವಾಡ): 'ಬಾಯ್ ಇರೇಸ್ಡ್', ಆದರೆ ಪೂರ್ತಿ ಬೇಡ. ವೈದ್ಯೆಯ ದೃಶ್ಯ, ಆಮೇಲೆ ಮಗ ಫೋನ್ ಮಾಡಿದಾಗ ತಾಯಿ ಕಾರು ತಂದು ಕೇಂದ್ರದ ಬಾಗಿಲಲ್ಲಿ ನಿಂತು ಅವನನ್ನು ಕರೆದುಕೊಂಡು ಹೋಗುವ ಭಾಗ. ಆಕೆ ಪಾದ್ರಿಯ ಹೆಂಡತಿ, ದೇವರನ್ನೂ ಬಿಡುವುದಿಲ್ಲ, ಮಗನನ್ನೂ ಬಿಡುವುದಿಲ್ಲ. ಇಂಗ್ಲಿಷ್ ಬಾರದಿದ್ದರೆ ನೀವು ಪಕ್ಕದಲ್ಲಿ ಕೂತು ಮಾತುಗಳನ್ನು ಕನ್ನಡದಲ್ಲಿ ಹೇಳಿ. 2009ರ 'ಪ್ರೇಯರ್ಸ್ ಫಾರ್ ಬಾಬಿ' ಎಂಬ ಚಿತ್ರವನ್ನೂ ಜನ ಸೂಚಿಸುತ್ತಾರೆ. ಅದರಲ್ಲಿ ಮಗ ಸತ್ತ ಮೇಲೆ ತಾಯಿಗೆ ಅರಿವಾಗುತ್ತದೆ. ಮಗ ಮನೆಯಲ್ಲಿ ಇರುವಾಗ, ಹೆದರಿದ ತಾಯಿಗೆ ಅದನ್ನು ಮೊದಲು ತೋರಿಸಬೇಡಿ. ಹುಡುಗ ಪಕ್ಕದಲ್ಲಿದ್ದರಂತೂ ಬೇಡವೇ ಬೇಡ.