ಅಪ್‌ಡೇಟ್: ಮೊಣಕಾಲಿನ ರೇಟಿಂಗ್ ಹೆಚ್ಚಾಯಿತು

ಅಮೆರಿಕದ ಸೇನೆಯಲ್ಲಿದ್ದ ನನ್ನ ಗಂಡನ ಎರಡೂ ಮೊಣಕಾಲಿಗೆ ತಲಾ ಶೇ. 10 ಅಂಗವೈಕಲ್ಯ ರೇಟಿಂಗ್ (ಪರಿಹಾರದ ಹಣ ಇದರ ಮೇಲೆ ನಿರ್ಧಾರವಾಗುತ್ತದೆ) ಮಾತ್ರ ಅಲ್ಲಿನ ಮಾಜಿ ಸೈನಿಕರ ಇಲಾಖೆ ಕೊಟ್ಟಿದೆ, ಏನು ಮಾಡೋದು ಅಂತ ಇಲ್ಲಿ ಕೇಳಿದ್ದೆ. ನಿನ್ನೆ ಪತ್ರ ಬಂತು, ಗೆದ್ದೆವು!

ಹೈಯರ್ ಲೆವೆಲ್ ರಿವ್ಯೂನಿಂದ (ಹಿರಿಯ ಅಧಿಕಾರಿ ಹಳೆಯ ದಾಖಲೆಗಳನ್ನೇ ಮತ್ತೆ ನೋಡುವುದು) ಉಪಯೋಗ ಆಗಲಿಲ್ಲ. ಅಲ್ಲಿ ಹೊಸ ದಾಖಲೆ ತೆಗೆದುಕೊಳ್ಳುವುದೇ ಇಲ್ಲ. ಕೈ ಹಿಡಿದದ್ದು ಹೊಸ ದಾಖಲೆ ಕೊಟ್ಟು ಮತ್ತೆ ಕೇಳುವ ಸಪ್ಲಿಮೆಂಟಲ್ ಕ್ಲೇಮ್, ಫಾರ್ಮ್ 20-0995. ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಮೂಳೆ ಡಾಕ್ಟರ ಪತ್ರ, ಎಂಆರ್‌ಐ ಎರಡನ್ನೂ ಸೇರಿಸಿದೆವು.

ಮೊಣಕಾಲು ಪೂರ್ತಿ ಮಡಚದಿದ್ದರೆ ಒಂದು ರೇಟಿಂಗ್, ಲಿಗಮೆಂಟ್ ಹರಿದು ನಡೆಯುವಾಗ ಕುಸಿದರೆ ಇನ್ನೊಂದು. ಎರಡೂ ಬೇರೆಬೇರೆಯಾಗಿ ಸಿಗಬಹುದು ಅಂತ ನಮಗೆ ಗೊತ್ತೇ ಇರಲಿಲ್ಲ! ಬಲಗಾಲಿಗೆ ಈ ಕುಸಿಯುವುದಕ್ಕೇ ಶೇ. 20 ಬಂತು. ಅದಕ್ಕೆ ಮೊಣಕಾಲಿಗೆ ಆಧಾರವಾಗಿ ಕಟ್ಟುವ ಬ್ರೇಸ್ ಮಾತ್ರ ಡಾಕ್ಟರೇ ಬರೆದುಕೊಟ್ಟಿರಬೇಕು, ಅಂಗಡಿಯಲ್ಲಿ ಸುಮ್ನೆ ಕೊಂಡಿದ್ದು ಸಾಲದು. ಎರಡೂ ಕಾಲಿಗೆ ತೊಂದರೆ ಇದ್ದರೆ ಒಟ್ಟು ಲೆಕ್ಕಕ್ಕೆ ಸ್ವಲ್ಪ ಜಾಸ್ತಿ ಸೇರಿಸುತ್ತಾರೆ.

ನಿರ್ಧಾರದ ಪತ್ರ ಬಂದ ಒಂದು ವರ್ಷದೊಳಗೇ ಅರ್ಜಿ ಹಾಕಿ. ಆಗ ಗೆದ್ದರೆ ಹಿಂದಿನ ಬಾಕಿಯೂ ಸಾಮಾನ್ಯವಾಗಿ ಮೊದಲ ಅರ್ಜಿಯ ತಾರೀಖಿನಿಂದಲೇ ಸಿಗುತ್ತದೆ.