ಹಳೆಯ ಜೀಪನ್ನು ಎರಡಿಂಚು ಎತ್ತಿಸಬೇಕೇ? ಮಾಡಿಸಿದವರು ಹೇಳಿ

ಕೊಡಗಿನ ಮಾದಾಪುರದಿಂದ, ಕೇಳಿದವರು

ಅಪ್ಪ ಕೊಂಡ 1994ರ ಮಹೀಂದ್ರ ಎಂಎಂ 540 ನಮ್ಮಲ್ಲಿದೆ. ಗೇಟಿನಿಂದ ಕಾಫಿ ಕಣದವರೆಗಿನ ದಾರಿ ಈ ಮಳೆಗಾಲದಲ್ಲಿ ಕೊರೆದುಹೋಗಿ ನಡುವೆ ದಿಣ್ಣೆ ಎದ್ದಿದೆ. ಹೋದಾಗಲೆಲ್ಲ ಜೀಪಿನ ಅಡಿಯಲ್ಲಿ ಕರಕರ ಸದ್ದು. ಎರಡಿಂಚು ಲಿಫ್ಟ್ ಮಾಡಿಸಿ ಎನ್ನುತ್ತಾರೆ ಗ್ಯಾರೇಜಿನವರು. ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ, ಅಂದರೆ ಶಾಕಲ್, ಉದ್ದದ್ದು ಹಾಕಿದರೆ ಕಡಿಮೆ ಖರ್ಚು, ಉಕ್ಕಿನ ಪಟ್ಟಿಗಳ ಹೊಸ ಸ್ಪ್ರಿಂಗ್ ಸೆಟ್ ಆದರೆ ಹೆಚ್ಚು. ಕೊಯ್ಲು ಶುರುವಾಗುವ ಮೊದಲು ಮುಗಿಸಬೇಕು. ಅಮ್ಮ ವಾರಕ್ಕೊಮ್ಮೆ ಇದರಲ್ಲೇ ಸಂತೆಗೆ ಹೋಗುತ್ತಾರೆ ಎಂಬುದೂ ಗಮನದಲ್ಲಿರಲಿ. ಯಾವುದು ಮಾಡಿಸಲಿ?

ಕಕ್ಕಬ್ಬೆಯಿಂದ

ನನ್ನದೂ ಅದೇ ಗಾಡಿ, ನಿಮ್ಮದಕ್ಕಿಂತ ಎರಡು ವರ್ಷ ಹಳೆಯದು. ನಾನು ಮೊದಲು ಅಗ್ಗದ ದಾರಿ ಹಿಡಿದೆ. ಅದರ ಕಥೆ ಕೇಳಿ.

ಶಾಕಲ್ ಸ್ಪ್ರಿಂಗಿನ ಒಂದು ತುದಿಯನ್ನು ಮಾತ್ರ ಎತ್ತುತ್ತದೆ. ಹಾಗಾಗಿ ಗಾಡಿ ಎರಡಿಂಚು ಏರಬೇಕಾದರೆ ಶಾಕಲ್ ನಾಲ್ಕಿಂಚು ಉದ್ದವಾಗಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ಪಟ್ಟಿ ಕತ್ತರಿಸಿ ಮಾಡಿಕೊಟ್ಟರು, ಒಂದೇ ಮಧ್ಯಾಹ್ನದ ಕೆಲಸ. ನೋಡಲು ಜೀಪು ಮದುಮಗನ ಹಾಗೆ ಎದೆಯೆತ್ತಿ ನಿಂತಿತು. ನಾಪೋಕ್ಲು ರಸ್ತೆಗೆ ಇಳಿದ ಮೇಲೆ ಗೊತ್ತಾಯಿತು, ತಿರುವು ಮುಗಿದರೂ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಮುಂದಿನ ಶಾಕಲ್ ಉದ್ದವಾದಾಗ ಎರಡು ಚಕ್ರಗಳ ನಡುವಿನ ಆಕ್ಸಲ್ ತುಸು ತಿರುಗಿ, ಸ್ಟೀರಿಂಗನ್ನು ನೇರಕ್ಕೆ ತರುವ ಓರೆ, ಅಂದರೆ ಕ್ಯಾಸ್ಟರ್ ಕೋನ, ಕೆಟ್ಟಿತ್ತು. ಅದಕ್ಕೊಂದು ಉಕ್ಕಿನ ಬೆಣೆ ಹಾಕಿಸಿದೆ. ಆಮೇಲೆ ವೇಗ ನಲವತ್ತು ದಾಟಿದರೆ ನೆಲದಡಿಯಿಂದ ಗುಂಯ್ ಎನ್ನುವ ನಡುಕ. ಎಂಜಿನ್ನಿನ ಶಕ್ತಿಯನ್ನು ಆಕ್ಸಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಓರೆ ಹೆಚ್ಚಿ, ಅದರ ತುದಿಯ ಕ್ರಾಸ್ ಜಾಯಿಂಟ್ ಒದ್ದಾಡುತ್ತಿತ್ತು. ಒಂದನ್ನು ಸರಿಮಾಡಲು ಹೋದರೆ ಇನ್ನೊಂದು. ಎಂಟು ತಿಂಗಳಿಗೆ ಎಲ್ಲವನ್ನೂ ಬಿಚ್ಚಿಸಿದೆ.

ಬಿಚ್ಚಿದ ದಿನವೇ ನಿಜ ಕಂಡಿತು. ನಡುವೆ ಬಾಗಿರಬೇಕಾದ ಸ್ಪ್ರಿಂಗ್ ಪಟ್ಟಿಗಳು ಅಡಿಕೋಲಿನಂತೆ ನೇರವಾಗಿದ್ದವು. ಇಪ್ಪತ್ತು ವರ್ಷ ಗೊಬ್ಬರ, ಕಾಫಿ ಮೂಟೆ, ಸೌದೆ ಹೊತ್ತರೆ ಇನ್ನೇನಾಗುತ್ತದೆ? ನಾನು ಎತ್ತಿಸಲು ಹೊರಟಿದ್ದ ಎರಡಿಂಚು ಕಂಪನಿಯವರು ಕೊಟ್ಟದ್ದೇ. ಅದನ್ನು ನಾವು ಸವೆಸಿದ್ದೆವು.

ಹಾಗಾಗಿ ಮೊದಲು ಅಳೆಯಿರಿ. ನಿಮ್ಮ ಕಾಫಿ ಕಣದಷ್ಟು ಸಮತಟ್ಟಾದ ನೆಲ ಗ್ಯಾರೇಜಿನಲ್ಲೂ ಸಿಗುವುದಿಲ್ಲ. ಖಾಲಿ ಜೀಪನ್ನು ಅಲ್ಲಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಮೂಲೆ ಅಳೆದು ಬರೆದುಕೊಳ್ಳಿ. ನನ್ನದರಲ್ಲಿ ಡ್ರೈವರ್ ಬದಿ ಮುಕ್ಕಾಲು ಇಂಚು ಕುಗ್ಗಿತ್ತು. ಹಳೆಯ ಪಟ್ಟಿಯನ್ನೇ ಕಾಯಿಸಿ ಬಾಗಿಸಿಕೊಡುವವರೂ ಇದ್ದಾರೆ. ಹದ ಸರಿಯಾಗಿ ಕೊಡದಿದ್ದರೆ ಅದು ಮತ್ತೆ ಮಲಗುತ್ತದೆ, ನನ್ನದು ಒಂದು ಕೊಯ್ಲಿಗೇ ಮಲಗಿತು. ಕೊನೆಗೆ ಹೊಸ ಸೆಟ್ ಹಾಕಿಸಿದೆ. ಬಲಗಡೆ ಒಂದೂಮುಕ್ಕಾಲು ಇಂಚು, ಎಡಗಡೆ ಒಂದಿಂಚಿಗಿಂತ ತುಸು ಹೆಚ್ಚು ಏರಿತು. ಲಿಫ್ಟ್ ಎಂಬ ಮಾತನ್ನೇ ಆಮೇಲೆ ಎತ್ತಿಲ್ಲ.

ಗೋಣಿಕೊಪ್ಪದ ಮೆಕ್ಯಾನಿಕ್ ಒಬ್ಬರಿಂದ

ಮೇಲೆ ಹೇಳಿದವರು ಸರಿಯಾಗಿ ಹೇಳಿದ್ದಾರೆ. ಏನೇ ಹಾಕಿಸಿದರೂ ಕೆಲಸದಲ್ಲಿ ಎಲ್ಲಿ ತಪ್ಪಾಗುತ್ತದೆ ಎಂದು ನಾನು ಹೇಳುತ್ತೇನೆ, ನಿಂತು ನೋಡಿ ಮಾಡಿಸಿಕೊಳ್ಳಿ.

ಬಿಚ್ಚುವ ಎರಡು ದಿನ ಮೊದಲೇ ಬೋಲ್ಟುಗಳಿಗೆ ಡೀಸೆಲ್ ಹಚ್ಚಿ ನೆನೆಯಲು ಬಿಡಿ. ನಮ್ಮ ಮಳೆಗೆ ಹಿಡಿದ ತುಕ್ಕು ಸ್ಪಾನರಿಗೆ ಬಗ್ಗುವುದಿಲ್ಲ. ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟ್ ಹಳೆಯದನ್ನು ಮತ್ತೆ ಹಾಕಬೇಡಿ. ಒಮ್ಮೆ ಬಿಗಿದು ಎಳೆದುಹೋದ ಬೋಲ್ಟ್ ಎರಡನೆಯ ಬಾರಿ ಹಿಡಿತ ಕೊಡುವುದಿಲ್ಲ.

ಬಹಳ ಜನ ಮಾಡುವ ತಪ್ಪು ಇನ್ನೊಂದು. ಜೀಪು ಜಾಕಿನ ಮೇಲೆ ತೂಗುತ್ತಿರುವಾಗಲೇ ಶಾಕಲ್ ಬೋಲ್ಟುಗಳನ್ನು ಪೂರ್ತಿ ಬಿಗಿದುಬಿಡುತ್ತಾರೆ. ಆಮೇಲೆ ಇಳಿಸಿದಾಗ ಒಳಗಿನ ರಬ್ಬರ್ ಬುಶ್ ತಿರುಚಿಕೊಂಡೇ ಕೂರುತ್ತದೆ, ಆರು ತಿಂಗಳಲ್ಲಿ ಹರಿಯುತ್ತದೆ. ಕೈಬಿಗಿ ಮಾಡಿ, ಚಕ್ರ ನೆಲಕ್ಕೆ ತಾಗಿ ಪೂರ್ತಿ ಭಾರ ಬಿದ್ದ ಮೇಲೆ ಕೊನೆಯ ಬಿಗಿತ.

ಬ್ರೇಕ್ ಹೋಸ್ ನೋಡಲೇಬೇಕು. ಚಾಸಿಯನ್ನು ಎತ್ತಿ ಆಕ್ಸಲ್ ಪೂರ್ತಿ ಜೋತುಬಿದ್ದಾಗ ಹೋಸ್ ಬಿಲ್ಲಿನ ಹೆದೆಯಂತೆ ಬಿಗಿದಿದ್ದರೆ ಉದ್ದದ್ದು ಹಾಕಿಸಿ. ಶಾಕ್ ಅಬ್ಸಾರ್ಬರಿಗೂ ಇದೇ ಪರೀಕ್ಷೆ. ಐನೂರು ಕಿಲೋಮೀಟರ್ ಓಡಿದ ಮೇಲೆ ತಂದು ಯು ಬೋಲ್ಟ್ ಮತ್ತೊಮ್ಮೆ ಬಿಗಿಸಿ. ಇದನ್ನು ಹೇಳಿ ಕಳುಹಿಸಿದವರಲ್ಲಿ ಹತ್ತಕ್ಕೆ ಇಬ್ಬರೂ ಬರುವುದಿಲ್ಲ.

ಮಕ್ಕಂದೂರಿನಿಂದ, ಮಾಂದಲಪಟ್ಟಿ ಗುಡ್ಡಕ್ಕೆ ಜೀಪು ಓಡಿಸುವವರು

ಅಣ್ಣ, ನಿಮಗೆ ತಾಗುತ್ತಿರುವುದು ಯಾವ ಭಾಗ ಎಂದು ಬಗ್ಗಿ ನೋಡಿದ್ದೀರಾ? ಆಕ್ಸಲ್ ನಡುವಿನ ಗೇರುಪೆಟ್ಟಿಗೆಯ, ಅಂದರೆ ಡಿಫರೆನ್ಷಿಯಲ್‌ನ, ದುಂಡು ಹೊಟ್ಟೆ ತಾಗುತ್ತಿದ್ದರೆ ಯಾವ ಸ್ಪ್ರಿಂಗ್ ಹಾಕಿದರೂ ಅದು ಕೂದಲೆಳೆಯಷ್ಟೂ ಏರುವುದಿಲ್ಲ. ಅದು ಆಕ್ಸಲ್ ಜೊತೆ ಚಕ್ರದ ಮಧ್ಯಕ್ಕೇ ಅಂಟಿಕೊಂಡಿದೆ. ಏರುವುದು ಮೈ ಮಾತ್ರ. ಹೊಟ್ಟೆ ಏರಬೇಕಾದರೆ ಟೈರ್ ದೊಡ್ಡದಾಗಬೇಕು, ಅದೂ ಎರಡಿಂಚು ಎತ್ತರದ ಟೈರ್ ಹಾಕಿದರೆ ಒಂದಿಂಚು ಮಾತ್ರ ಸಿಗುತ್ತದೆ.

ನಾವು ದಿನಕ್ಕೆ ನಾಲ್ಕೈದು ಬಾರಿ ಕಲ್ಲಿನ ದಾರಿ ಹತ್ತುತ್ತೇವೆ. ದಿಣ್ಣೆಯನ್ನು ನಡುವೆ ಬಿಟ್ಟುಕೊಂಡು ಹೋದರೆ ತಾಗಿಯೇ ತಾಗುತ್ತದೆ. ಒಂದು ಬದಿಯ ಚಕ್ರವನ್ನು ದಿಣ್ಣೆಯ ಮೇಲೇ ಹತ್ತಿಸಿ, ಇನ್ನೊಂದನ್ನು ಅಂಚಿನಲ್ಲಿ ಓಡಿಸಿ. ಅಂಚು ಮಳೆಗೆ ಸಡಿಲವಾಗಿದ್ದರೆ ಮಾತ್ರ ಬೇಡ. 2018ರ ಆಗಸ್ಟಿನಲ್ಲಿ ನಮ್ಮೂರಿನ ಗುಡ್ಡ ಜಾರಿದ್ದನ್ನು ನೋಡಿದವನು ನಾನು, ನೆನೆದ ಅಂಚನ್ನು ನಂಬುವುದಿಲ್ಲ.

ಇನ್ನೊಂದು ಮಾತು. ದಿಣ್ಣೆ ಇರುವುದು ನಿಮ್ಮದೇ ತೋಟದಲ್ಲಲ್ಲವೇ? ಗುದ್ದಲಿ ಇಲ್ಲವೇ?

ವಿರಾಜಪೇಟೆಯಿಂದ

ಆಕ್ಸಲ್ ಕೆಳಗಿರುವ ಸ್ಪ್ರಿಂಗ್ ಪಟ್ಟಿಯನ್ನು ಆಕ್ಸಲ್ ಮೇಲಕ್ಕೆ ಕೂರಿಸಿ ನಾಲ್ಕೈದು ಇಂಚು ಎತ್ತಿಸಿ ಎಂದು ಯಾರಾದರೂ ಆಸೆ ಹುಟ್ಟಿಸಿದರೆ ಕಿವಿಗೊಡಬೇಡಿ. ನನ್ನ ಭಾವ ಮಾಡಿಸಿದ್ದ. ತೋಟದ ಓರೆಯಲ್ಲಿ, ನಡೆಯುವ ವೇಗದಲ್ಲಿ, ಜೀಪು ಪಕ್ಕಕ್ಕೆ ಮಲಗಿತು. ಕಾಫಿ ಗಿಡಗಳು ತಡೆದದ್ದರಿಂದ ಉಳಿದ. ಎತ್ತರ ಹೆಚ್ಚಿದಷ್ಟೂ ಭಾರದ ಬಿಂದು ಮೇಲೇರುತ್ತದೆ, ಚಕ್ರಗಳ ನಡುವಿನ ಅಗಲ ಮಾತ್ರ ಹಾಗೆಯೇ ಇರುತ್ತದೆ.

ಕಾಯ್ದೆಯೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ನಮೂದಿಸಿದ ವಿವರಕ್ಕೆ ಹೊರತಾಗಿ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅಪಘಾತವಾದ ದಿನ ವಿಮೆಯವರು ಮೊದಲು ಬಗ್ಗಿ ನೋಡುವುದು ಅಲ್ಲಿಗೇ. ಮೂಲ ಅಳತೆಯ ಹೊಸ ಸ್ಪ್ರಿಂಗ್ ಹಾಕಿದರೆ ಈ ತಲೆನೋವಿಲ್ಲ.

ಅಮ್ಮನ ವಿಷಯ ನೀವೇ ಬರೆದಿದ್ದೀರಿ. ಈಗಲೇ ಆ ಮೆಟ್ಟಿಲು ಎಷ್ಟು ಎತ್ತರ ಎಂದು ಒಮ್ಮೆ ಅವರನ್ನೇ ಕೇಳಿ.

ಮಾದಾಪುರದಿಂದ, ಮತ್ತೆ

ಎಲ್ಲರಿಗೂ ವಂದನೆ. ಇಂದು ಬೆಳಿಗ್ಗೆ ಕಣದಲ್ಲಿ ನಿಲ್ಲಿಸಿ ಅಳೆದೆ. ಮುಂದೆ ಎರಡೂ ಕಡೆ ಹೆಚ್ಚುಕಡಿಮೆ ಸಮ. ಹಿಂದೆ ಬಲಗಡೆ ಎಡಕ್ಕಿಂತ ಒಂದೂಕಾಲು ಇಂಚು ತಗ್ಗು. ಪೈಪಿನಲ್ಲಿ ನೀರು ಬಿಟ್ಟು ಕೆಸರು ತೊಳೆದಾಗ ಕಾರಣ ಕಂಡಿತು. ಮೇಲಿನಿಂದ ಎರಡನೆಯ ಪಟ್ಟಿ ನಡುಬೋಲ್ಟಿನ ಹತ್ತಿರ ಅಡ್ಡಕ್ಕೆ ಮುರಿದಿದೆ. ಮುರಿದ ಅಂಚೆಲ್ಲ ತುಕ್ಕು, ಎಂದರೆ ಮುರಿದು ಬಹಳ ಕಾಲವಾಗಿದೆ. ಅದರ ಮೇಲೆಯೇ ಇಷ್ಟು ದಿನ ಮೂಟೆ ಹೇರಿದ್ದೇವೆ. ದಿಣ್ಣೆಗೆ ತಾಗುತ್ತಿದ್ದದ್ದು ಡಿಫರೆನ್ಷಿಯಲ್ ಹೊಟ್ಟೆಯೇ, ಅಲ್ಲಿ ಬಣ್ಣ ಕಿತ್ತು ಲೋಹ ಹೊಳೆಯುತ್ತಿದೆ.

ಹಿಂದಿನ ಎರಡೂ ಬದಿಗೆ ಮೂಲ ಅಳತೆಯ ಹೊಸ ಸೆಟ್, ಬುಶ್, ಯು ಬೋಲ್ಟ್ ತರಿಸಲು ಹೇಳಿದ್ದೇನೆ. ಬೋಲ್ಟುಗಳು ಡೀಸೆಲ್‌ನಲ್ಲಿ ನೆನೆಯುತ್ತಿವೆ. ಅಮ್ಮನನ್ನು ಕೇಳಿದೆ. ಎರಡಿಂಚು ಏರಿಸಿದರೆ ಸಂತೆಗೆ ಬಸ್ಸಿನಲ್ಲಿ ಹೋಗುತ್ತೇನೆ ಎಂದರು. ನಾಳೆ ಗುದ್ದಲಿ ಹಿಡಿದು ಇಬ್ಬರು ಬರುತ್ತಾರೆ, ಮೂರನೆಯವನು ನಾನು.