ಏಗಾನ್ ಬಂದಿಳಿದ ಮೇಲೆ ಡೆನೇರಿಸ್ ಗತಿ ಏನು?

ಬಳ್ಳಾರಿ ಓದುಗ:
ಟಿವಿಯ 'ಗೇಮ್ ಆಫ್ ಥ್ರೋನ್ಸ್'ಗೆ ಮೂಲವಾದ ಜಾರ್ಜ್ ಮಾರ್ಟಿನ್ ಅವರ ಕಾದಂಬರಿ ಸರಣಿಯ ಐದನೇ ಪುಸ್ತಕ ಬಂದಿದ್ದು 2011ರಲ್ಲಿ. ಆರನೆಯದು ಇನ್ನೂ ಪತ್ತೆ ಇಲ್ಲ. ನಿನ್ನೆ ರಾಯಲ್ ಸರ್ಕಲ್ ಹತ್ತಿರ ಒಗ್ಗರಣೆ-ಮಿರ್ಚಿ ತಿನ್ನುತ್ತಾ ಗೆಳೆಯನ ಜೊತೆ ಇದೇ ವಾದ. ಅವನು ಬರೀ ಟಿವಿ ನೋಡಿದವನು. ಮಿರ್ಚಿ ತೊಟ್ಟು ಪ್ಲೇಟಿಗೆ ಎಸೆದು, "ಬ್ರಾನ್ ರಾಜ ಆದ, ಕಥೆ ಮುಗಿಯಿತಲ್ಲ" ಅನ್ನುತ್ತಾನೆ. ಎಲ್ಲಿ ಮುಗಿಯಿತು? ಪುಸ್ತಕದಲ್ಲಿ ಏಗಾನ್ ಅನ್ನುವ ಹುಡುಗ, ತಾನು ಹಳೇ ಟಾರ್ಗೇರಿಯನ್ ರಾಜವಂಶದ ಕುಡಿ ಅಂತ ಹೇಳಿಕೊಂಡು, ಸೈನ್ಯ ಕಟ್ಟಿಕೊಂಡು ಕಥೆಯ ರಾಜ್ಯ ವೆಸ್ಟೆರೋಸ್‌ಗೆ ಬಂದಿಳಿದಿದ್ದಾನೆ. ಟಿವಿಯಲ್ಲಿ ಅವನ ಸುಳಿವೇ ಇಲ್ಲ! ಅದೇ ವಂಶದ ರಾಣಿ, ಡ್ರ್ಯಾಗನ್‌ಗಳ ಒಡತಿ ಡೆನೇರಿಸ್ ಬರುವ ಹೊತ್ತಿಗೆ ಸಿಂಹಾಸನದ ಮೇಲೆ ಇವನೇ ಕೂತಿರುತ್ತಾನೆ ಅಂತ ನನ್ನ ಲೆಕ್ಕ. ಜನ ಇವನಿಗೆ ಜೈ ಅನ್ನುವುದು ನೋಡಿಯೇ ಅವಳ ತಲೆ ಕೆಡುವುದು. ಟಿವಿಯಲ್ಲಿ ಸುಮ್ನೆ ಶರಣಾಗತಿಯ ಗಂಟೆ ಬಾರಿಸಿದ್ದಕ್ಕೆ ಊರು ಸುಟ್ಟಳು. ಅದಕ್ಕಿಂತ ಇದು ವಾಸಿ ಅಲ್ವಾ?

ರಾಯಚೂರಿನಿಂದ:
ಅಣ್ಣ, ಅವನು ಅಸಲಿ ಏಗಾನ್ ಅಂತ ಯಾಕೆ ನಂಬುತ್ತೀರಿ? ಎರಡನೇ ಪುಸ್ತಕದಲ್ಲಿ ಡೆನೇರಿಸ್‌ಗೆ ಒಂದು ದರ್ಶನ ಆಗುತ್ತದಲ್ಲ. ಕೋಲುಗಳ ಮೇಲೆ ಬಟ್ಟೆಯ ಡ್ರ್ಯಾಗನ್, ಸುತ್ತ ಜೈಕಾರ ಹಾಕುವ ಜನ. ಆ ಬಟ್ಟೆ ಡ್ರ್ಯಾಗನ್ ಇವನೇ. ಹಿಂದೆ ಸಿಂಹಾಸನಕ್ಕಾಗಿ ದಂಗೆ ಎದ್ದ ಟಾರ್ಗೇರಿಯನ್ ಕವಲು, ಬ್ಲ್ಯಾಕ್‌ಫೈರ್ ವಂಶದವನಿರಬೇಕು.

ಕೊಪ್ಪಳದಿಂದ:
ಯಪ್ಪಾ, ಮೊದಲು ಜಾನ್ ಸ್ನೋ ಎದ್ದೇಳಲಿ! ಐದನೇ ಪುಸ್ತಕದ ಕೊನೆ ಹೊತ್ತಿಗೆ ಚೂರಿ ತಿಂದು ಹಿಮದಲ್ಲಿ ಮುಖ ಅಡಿ ಮಾಡಿ ಬಿದ್ದವನು ಇನ್ನೂ ಹಾಗೇ ಬಿದ್ದಿದ್ದಾನೆ.

ಬಳ್ಳಾರಿ ಓದುಗ:
ಜಾನ್ ಏಳುತ್ತಾನೆ ಬಿಡಿ ಅಕ್ಕ, ಮಾಟಗಾತಿ ಮೆಲಿಸಾಂಡ್ರೆ ಅಲ್ಲೇ ಇದ್ದಾಳೆ. ರಾಯಚೂರಿನ ತಮ್ಮಾ, ಬಟ್ಟೆ ಡ್ರ್ಯಾಗನ್ ಮಾತು ಒಪ್ಪಿದೆ. ಆದರೆ ಅವನು ನಕಲಿ ಆದರೆ ನನ್ನ ಲೆಕ್ಕ ಇನ್ನೂ ಗಟ್ಟಿ ಆಯಿತು. ನಕಲಿಗೆ ಜನ ಮೆಚ್ಚಿದರೆ ಅಸಲಿಗೆ ಹೊಟ್ಟೆಯುರಿ ಜಾಸ್ತಿ. ಈಗ ಸಿಂಹಾಸನ ತನ್ನದು ಅನ್ನುವ ಇನ್ನೊಬ್ಬ, ಸ್ಟ್ಯಾನಿಸ್, ಅವನ ಗತಿ ಏನು, ಅದನ್ನು ಹೇಳು.